ಮೇಜಿನ ಕೆಳಗೊಂದು ಹೊರಸು

ಮೇ 28

ಕುರ್ಚಿಯ ಗಾಲಿ ನಮ್ಮ ನಾಯಿ ಚಂದ್ರಿಯ ಬಾಲದ ಮೇಲೆ ಹರಿದು ಇಂದಿಗೆ ನಾಲ್ಕು ದಿನ. ಬೆಳಗ್ಗೆ ಏಳರ ಹೊತ್ತು. ಅನುವಾದದ ಒಂದು ವಾಕ್ಯ ಹದಕ್ಕೆ ಬರುತ್ತಿರಲಿಲ್ಲ. ಹಿಂದಿನ ಕಪಾಟಿನಿಂದ ನಿಘಂಟು ತೆಗೆಯೋಣವೆಂದು ತಿರುಗಿ ನೋಡದೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದೆ. ಅವಳು ಎಂದಿನಂತೆ ನನ್ನ ಬೆನ್ನಿಗೆ ಬರಿಯ ಕಲ್ಲಿನ ಮೇಲೆ ಮಲಗಿದ್ದಳು. ಅವಳ ಕೂಗು ಕೇಳಿ ಹಿತ್ತಲಲ್ಲಿದ್ದ ಅವ್ವ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಂದಳು. ಬಾಲದ ತುದಿಯಿಂದ ಒಂದು ಗೇಣು ಮೇಲೆ ಚರ್ಮ ಸುಲಿದು ರಕ್ತ ಇಳಿಯುತ್ತಿತ್ತು.

ಚಂದ್ರಿ ಮುಧೋಳ ತಳಿ, ಐದು ವರ್ಷದ ಹೆಣ್ಣು. ಮುಧೋಳದ ಸಂಸ್ಥಾನಿಕರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಅಕ್ಕರೆಯಿಂದ ಉಳಿಸಿ ಬೆಳೆಸಿ, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಉಡುಗೊರೆಯಾಗಿ ಕೊಟ್ಟ ತಳಿ ಇದು. 2005ರಲ್ಲಿ ಬಂದ ಇದರ ಅಂಚೆಚೀಟಿಯನ್ನು ನನ್ನ ಟಿಪ್ಪಣಿ ಪುಸ್ತಕದ ಒಳರಟ್ಟಿಗೆ ಅಂಟಿಸಿಕೊಂಡಿದ್ದೇನೆ. ಓಡುವುದಕ್ಕೆಂದೇ ಆದ ಮೈ: ಉದ್ದ ಕಾಲು, ಆಳವಾದ ಎದೆ, ಒಳಸರಿದ ಹೊಟ್ಟೆ. ಕೊಬ್ಬಿಲ್ಲ, ದಟ್ಟ ಕೂದಲಿಲ್ಲ. ಬಾಲವೋ, ಎಲುಬಿನ ಮೇಲೆ ಹೊದೆಸಿದ ತೆಳು ಚರ್ಮ, ಅಷ್ಟೇ.

ಪಶುವೈದ್ಯರು ಐದು ಹೊಲಿಗೆ ಹಾಕಿ, ಇಂಥ ಬಾಲದ ಗಾಯ ಬೇಗ ಮಾಯುವುದಿಲ್ಲ ಎಂದಿದ್ದರು. ಏಕೆಂದು ಮೂರೇ ದಿನದಲ್ಲಿ ತಿಳಿಯಿತು. ನನ್ನ ಮುಖ ಕಂಡರೆ ಬಾಲ ಬೀಸುತ್ತಾಳೆ, ಬೀಸಿದ ಬಾಲ ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ, ಪಟ್ಟಿಯ ಮೇಲೆ ಮತ್ತೆ ಕೆಂಪು ಮೂಡುತ್ತದೆ. ಬಿಸಿನೀರಿನ ಕೊಳವೆಗೆ ತೊಡಿಸುವ ಸ್ಪಂಜಿನ ಹೊದಿಕೆಯಿದೆಯಲ್ಲ, ಅದರ ಒಂದು ತುಂಡನ್ನು ಪಟ್ಟಿಯ ಮೇಲೆ ತೊಡಿಸಿ ಮೇಲಿನಿಂದ ಅಂಟುಪಟ್ಟಿ ಸುತ್ತಿದ ಮೇಲೆ ರಕ್ತ ನಿಂತಿತು. ಬಾಲದ ಪೆಟ್ಟಿಗೆ ಒಳಗಾದ ನಾಯಿ ಸಾಕಿದವರು ಇದನ್ನು ಮಾಡಿ ನೋಡಬಹುದು. ಆದರೆ ಬಿಗಿಯಾಗಿ ಸುತ್ತಬಾರದು, ದಿನಕ್ಕೊಮ್ಮೆ ಬಿಚ್ಚಿ ತುದಿ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಬೇಕು.

ಕೋಣೆಯ ಬಾಗಿಲು ಹಾಕಿಕೊಂಡು ಬರೆಯಬಾರದೇ ಎಂದು ಗೆಳತಿ ಕೇಳಿದಳು. ಅದನ್ನೂ ಮಾಡಿ ನೋಡಿದವಳು ನಾನು. ಬಾಗಿಲಿನಾಚೆ ಚಂದ್ರಿ ಸಂದಿಗೆ ಮೂಗು ಹಚ್ಚಿ ನಿಲ್ಲುತ್ತಾಳೆ. ಅವಳ ಉಸಿರು ಕೇಳುತ್ತಿರುವಾಗ ನನಗೆ ಒಂದು ಸಾಲೂ ಬರುವುದಿಲ್ಲ. ಹನ್ನೊಂದು ವರ್ಷದಿಂದ ಮನೆಯಲ್ಲೇ ಕುಳಿತು ಬರೆದು ಬದುಕುತ್ತಿದ್ದೇನೆ. ಮೊದಲ ಮಳೆಗಾಲದಲ್ಲೇ ಗೇಟಿನ ಬುಡದಲ್ಲಿ ನಡುಗುತ್ತ ಕುಳಿತಿದ್ದ ಬೀದಿಮರಿ ಕರಿಯ ಒಳಗೆ ಬಂದ. ಅಂದಿನಿಂದ ನನ್ನ ಬರವಣಿಗೆಯ ಒಂದು ದಿನವೂ ನಾಯಿಯಿಲ್ಲದೆ ಕಳೆದಿಲ್ಲ. ತಪ್ಪಿರುವುದು ಅವರು ಮಲಗುವ ಜಾಗದಲ್ಲಲ್ಲ. ಮೂವರು ಇರುವ ಕೋಣೆಯನ್ನು ಒಬ್ಬಳಿಗೆಂದು ಹೊಂದಿಸಿಕೊಂಡದ್ದು ನನ್ನ ತಪ್ಪು. ಗಾಲಿ ಕುರ್ಚಿಯನ್ನು ಇಂದೇ ಅಟ್ಟಕ್ಕೆ ಹಾಕಿದೆ. ಅಡುಗೆಮನೆಯ ಕಟ್ಟಿಗೆಯ ಕುರ್ಚಿ ಬಂದಿದೆ, ನಾಲ್ಕೂ ಕಾಲಿಗೆ ದಪ್ಪ ಉಣ್ಣೆಬಟ್ಟೆಯ ತುಂಡು ಅಂಟಿಸಿದ್ದೇನೆ.

ಜೂನ್ 2

ಅಳತೆ ತೆಗೆದೆ. ಟೇಪು ಹಿಡಿದು ಹೋದರೆ ಚಂದ್ರಿ ಎದ್ದು ನಿಲ್ಲುತ್ತಾಳೆ. ಅದಕ್ಕೆ ಅವಳು ಗಾಢ ನಿದ್ದೆಯಲ್ಲಿರುವಾಗ ಬಳಪದಿಂದ ನೆಲದ ಮೇಲೆ ಅವಳ ಸುತ್ತ ಗೆರೆ ಎಳೆದೆ. ನಮ್ಮದು ಧಾರವಾಡದ ಹಳೆಯ ಮನೆ, ನೆಲಕ್ಕೆ ಶಹಾಬಾದಿನ ಕಲ್ಲು. ಆ ಕಪ್ಪು ಹಾಸಿನ ಮೇಲೆ ಬಿಳಿಯ ಗೆರೆ ಎದ್ದು ಕಾಣುತ್ತಿತ್ತು. ಮೂಗಿನಿಂದ ಹೊರಟು ಮುಂಗಾಲು, ಹೊಟ್ಟೆಯ ಬಾಗು, ಹಿಂಗಾಲಿನ ಗೆಣ್ಣು ಬಳಸಿ ಪಟ್ಟಿ ಕಟ್ಟಿದ ಬಾಲದ ಹತ್ತಿರ ಬಂದಾಗ ಉಸಿರು ಬಿಗಿಹಿಡಿದೆ. ಅವಳ ಪಾದ ಎರಡು ಸಲ ಅದುರಿತು; ಕನಸಿನಲ್ಲಿ ಎಲ್ಲೋ ಓಡುತ್ತಿದ್ದಳು.

ಮೂರು ದಿನದಲ್ಲಿ ನೆಲದ ಮೇಲೆ ಏಳು ಚಂದ್ರಿಯರು ಮೂಡಿದರು. ಸುರುಳಿಯಾಗಿ ಮಲಗಿದರೆ 24 ಇಂಚು ಉದ್ದ, 22 ಇಂಚು ಅಗಲ. ಕಾಲು ಚಾಚಿ ಮಗ್ಗುಲಾದರೆ 46 ಇಂಚು. ಚಾಚಿ ಮಲಗಿದ ಗೆರೆಗಳೆಲ್ಲ ಮಧ್ಯಾಹ್ನದವು, ಸುರುಳಿಯವು ಬೆಳಗಿನವು. ನಾನು ಬರೆಯುವುದು ಬೆಳಗ್ಗೆ. ಸೆಕೆ ಇರುವಾಗ ಅವಳಿಗೆ ಕಲ್ಲೇ ಬೇಕು, ತಂಪಿನಲ್ಲಿ ಅದೇ ಕಲ್ಲು ಅವಳ ಮೈಯ ಕಾವನ್ನು ಹೀರಿಕೊಳ್ಳುತ್ತದೆ. ಮೊಣಕೈ ಎರಡರಲ್ಲೂ ಕೂದಲು ಉದುರಿ ಚರ್ಮ ಜಡ್ಡುಗಟ್ಟಿದೆ. ಅದು ವಯಸ್ಸಿನ ಗುರುತೆಂದು ಎಣಿಸಿದ್ದೆ. ಗಟ್ಟಿ ನೆಲದ ಗುರುತು ಎಂದು ವೈದ್ಯರು ಹೇಳಿದಾಗ ಸಂಕಟವಾಯಿತು.

ಹೀಗೆ ಹೊರಸಿನ ಯೋಚನೆ ಬಂತು. ನಮ್ಮ ಕಡೆ ಹಗ್ಗ ಅಥವಾ ನವಾರು (ನೇಯ್ದ ಅಗಲ ಪಟ್ಟಿ) ಹೆಣೆದ ಮಂಚಕ್ಕೆ ಹೊರಸು ಎನ್ನುತ್ತೇವೆ. ಕೆಳಗೆ ಗಾಳಿ ಆಡುತ್ತದೆ, ಮಳೆಗಾಲದ ತೇವ ಮೈಗೆ ತಾಗುವುದಿಲ್ಲ, ಮೈಭಾರ ಮೊಣಕೈಯೊಂದರ ಮೇಲೆ ಬೀಳದೆ ಹೆಣಿಗೆಯ ಮೇಲೆಲ್ಲ ಹಂಚಿಹೋಗುತ್ತದೆ. ಅಜ್ಜಿಯ ಮನೆಯಲ್ಲಿ ಬಾಣಂತಿಯರಿಗೆ ಅದನ್ನೇ ಹಾಕುತ್ತಿದ್ದರು. ಅದನ್ನು ಮೇಜಿನ ಕೆಳಗೆ ಕೂಡಿಸಿದರೆ ನಾನು ಎಡಗೈ ಇಳಿಬಿಟ್ಟರೆ ಅವಳ ಬೆನ್ನು ಸಿಗಬೇಕು. ನನ್ನ ಕಾಲು, ಕುರ್ಚಿಯ ಕಾಲು, ಅವಳ ಬಾಲ ಒಂದರ ದಾರಿಯಲ್ಲಿ ಇನ್ನೊಂದು ಬರಬಾರದು.

ಜೂನ್ 6

ಮೇಜು ಅಪ್ಪನದು. ಸಾಗುವಾನಿ. 66 ಇಂಚು ಅಗಲ, 30 ಇಂಚು ಆಳ, 30 ಇಂಚು ಎತ್ತರ. ಎಡಕ್ಕೆ ಮೂರು ಡ್ರಾಯರಿನ ಗೂಡು. ಅದನ್ನು ಬಿಚ್ಚಿ ತೆಗೆದರೆ ಎಡಗಡೆ 30 ಇಂಚು ಹೊರಸಿಗೆ, ಬಲಗಡೆ 30 ಇಂಚು ನನ್ನ ಕಾಲಿಗೆ. ಉಳಿದದ್ದು ಮೇಜಿನ ಕಾಲುಗಳ ದಪ್ಪ.

ಗೂಡು ಬಿಚ್ಚಿದ ಕೂಡಲೇ ಮೇಜಿನ ಎಡಮೂಲೆ ಅರ್ಧ ಇಂಚು ಕುಸಿಯಿತು. ಇಷ್ಟು ವರ್ಷ ಹಲಗೆಯ ಭಾರ ಹೊತ್ತದ್ದು ಆ ಗೂಡೇ ಎಂದು ಮೊದಲೇ ನೋಡಿಕೊಳ್ಳಬೇಕಿತ್ತು. ಹೊಲದ ಮನೆ ಕೆಡವಿದಾಗ ತಂದಿಟ್ಟಿದ್ದ ಬಾಗಿಲ ಚೌಕಟ್ಟಿನ ಸಾಗುವಾನಿಯಿಂದ ಎರಡು ಕಾಲು ಕೊಯ್ದು, ಅವೆರಡನ್ನೂ ಕೂಡಿಸುವ ಒಂದು ಪಟ್ಟಿಯನ್ನು ಹಲಗೆಯ ಅಡಿಗೆ ಹಚ್ಚಿದೆ. ಹಳೆಯ ಚೌಕಟ್ಟಿನ ಮರವನ್ನು ಕೊಯ್ಯುವ ಮೊದಲು ಆಯಸ್ಕಾಂತವನ್ನು ಮೈತುಂಬ ಆಡಿಸಬೇಕು. ಬಣ್ಣದ ಕೆಳಗೆ ಅಡಗಿದ್ದ ನಾಲ್ಕು ಮೊಳೆ ನನಗೆ ಹಾಗೆ ಸಿಕ್ಕವು. ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತಿತ್ತು.

ಹಲಗೆಗೆ ಸ್ಕ್ರೂ ಹಾಕುವಾಗ ಪಟ್ಟಿಯಲ್ಲಿ ದುಂಡು ತೂತು ಕೊರೆಯಲಿಲ್ಲ, ಹಲಗೆಯ ಎಳೆಗೆ ಅಡ್ಡವಾಗಿ ಉದ್ದನೆಯ ತೂತು ಮಾಡಿದೆ. ಗಟ್ಟಿಮರದ ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸರಿದಾಡಲು ಜಾಗವಿಲ್ಲದಿದ್ದರೆ ಸೀಳು ಬಿಡುತ್ತದೆ. ಡ್ರಾಯರಿನ ಗೂಡು ಈಗ ಗೋಡೆಯ ಪಕ್ಕದಲ್ಲಿ ತಾನೇ ಒಂದು ಕಪಾಟಾಗಿ ನಿಂತಿದೆ. ಮೇಲಿನ ಎರಡರಲ್ಲಿ ಕಾಗದ, ಕೆಳಗಿನದರಲ್ಲಿ ಬೆಲ್ಟು, ಬಾಚಣಿಗೆ, ಔಷಧಿ.

ಜೂನ್ 9

ತಂತಿಯ ಕೆಲಸ. ಇದನ್ನು ಹೊರಸಿಗೆ ಮೊದಲೇ ಮುಗಿಸಬೇಕೆಂದು ಹಟ ಹಿಡಿದು ಮಾಡಿದೆ, ಏಕೆಂದರೆ ನಾಯಿಗೆ ಮೇಜಿನ ಕೆಳಗೆ ಹಾಸಿಗೆ ಹಾಕುವುದೆಂದರೆ ಎಲ್ಲ ತಂತಿಗಳ ನಡುವೆ ಅದನ್ನು ಮಲಗಿಸುವುದು. ಚಂದ್ರಿ ಒಂಬತ್ತು ತಿಂಗಳವಳಿದ್ದಾಗ ಲ್ಯಾಪ್‌ಟಾಪಿನ ಚಾರ್ಜರಿನ ತಂತಿ ಕಡಿದಿದ್ದಳು. ಪುಣ್ಯಕ್ಕೆ ಅದು ಚಾರ್ಜರಿನಿಂದ ಲ್ಯಾಪ್‌ಟಾಪಿಗೆ ಹೋಗುವ ಕಡಿಮೆ ವೋಲ್ಟೇಜಿನ ಬದಿ. ಗೋಡೆಯ ಬದಿಯಾಗಿದ್ದರೆ 230 ವೋಲ್ಟ್. ಆ ಬದಿಯ ತಂತಿಯನ್ನು ನಾಯಿ ಕಚ್ಚಿದ್ದರೆ ಅಂಟುಪಟ್ಟಿ ಸುತ್ತಿ ಬಳಸಬೇಡಿ, ಹೊಸದನ್ನೇ ಹಾಕಿ.

ಇಲೆಕ್ಟ್ರಿಷಿಯನ್‌ನನ್ನು ಕರೆಸಿ ಮಾಡಿಸಿದ್ದು ಎರಡು ಕೆಲಸ. ನೆಲದಿಂದ ಒಂದು ಅಡಿ ಎತ್ತರದಲ್ಲಿದ್ದ ಸ್ವಿಚ್ ಬೋರ್ಡನ್ನು ಮೇಜಿನ ಹಲಗೆಗಿಂತ ಮೇಲಕ್ಕೆ, 40 ಇಂಚಿಗೆ ಏರಿಸಿದ. ಮುಖ್ಯ ಪೆಟ್ಟಿಗೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂಡಿಸಿದ. ಮನೆಯಲ್ಲಿ ಮೊದಲೇ ಎಂಸಿಬಿ ಇತ್ತಲ್ಲ ಎಂದು ಅವ್ವ ಕೇಳಿದಳು. ಎಂಸಿಬಿ ಕಾಯುವುದು ತಂತಿಯನ್ನು, ಹೆಚ್ಚು ಹೊರೆ ಬಿದ್ದು ಸುಡದಂತೆ. ಮೈಯ ಮೂಲಕ ನೆಲಕ್ಕೆ ಹರಿಯುವ ಸಣ್ಣ ಸೋರಿಕೆ ಅದಕ್ಕೆ ತಿಳಿಯುವುದೇ ಇಲ್ಲ. ಹೋದ ವಿದ್ಯುತ್ತು ಅಷ್ಟೇ ಮರಳಿತೇ ಎಂದು ತೂಗಿ ನೋಡಿ, ವ್ಯತ್ಯಾಸ ಕಂಡ ಕ್ಷಣ ಕಡಿದುಹಾಕುವುದು ಆರ್‌ಸಿಸಿಬಿ. ಅದರ ಮೇಲೆ ಪರೀಕ್ಷೆಯ ಗುಂಡಿ ಇರುತ್ತದೆ. ತಿಂಗಳ ಮೊದಲ ದಿನ ಒತ್ತಿ ನೋಡಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಉಳಿದ ತಂತಿಗಳನ್ನು ಹಲಗೆಯ ಅಡಿಯಲ್ಲಿ ಪಿವಿಸಿ ಕೇಸಿಂಗ್ ಪಟ್ಟಿಯೊಳಗೆ ಹಾಯಿಸಿದೆ. ಮೇಜಿನ ಕೆಳಗೆ ತೂಗುವ ತಂತಿ ಒಂದೂ ಇಲ್ಲ.

ಜೂನ್ 14ರಿಂದ 22

ಹೊರಸಿನ ಚೌಕಟ್ಟು. ಮಳೆ ಹಿಡಿದಿದೆ, ಪಡಸಾಲೆಯಲ್ಲೇ ಕೆಲಸ.

ನಮ್ಮ ಓಣಿಯ ಬಡಿಗ ಕಾಕಾನ ಬಳಿ ನಾಲ್ಕು ಜಾಲಿ ಕಾಲು ಕೊಯ್ಯಿಸಿಕೊಂಡು ಬಂದೆ, ಎರಡೂವರೆ ಇಂಚು ಚೌಕದವು. ಪಟ್ಟಿಗಳು ಮತ್ತೆ ಅದೇ ಚೌಕಟ್ಟಿನ ಸಾಗುವಾನಿ, ಎರಡು ಇಂಚು ಅಗಲ, ಒಂದೂವರೆ ಇಂಚು ದಪ್ಪ. ಹೊರ ಅಳತೆ 46 ಇಂಚು ಉದ್ದ, 30 ಇಂಚು ಅಗಲ. ಮೇಜಿನ ಆಳ 30 ಇಂಚೇ ಆದ್ದರಿಂದ ಹೊರಸಿನ 16 ಇಂಚು ಕೋಣೆಯೊಳಕ್ಕೆ ಚಾಚಿರುತ್ತದೆ. ಅವಳು ಅಲ್ಲಿಂದ ಹತ್ತಿ, ತಿರುಗಿ, ಒಳಗೆ ಸೇರಬೇಕು.

ಕೂಡಿಸುವ ಬಗೆಯನ್ನು ಕಾಕಾ ನೆಲದ ಮೇಲೆ ಚಿತ್ರ ಬರೆದು ತೋರಿಸಿದ. ಪ್ರತಿ ಕಾಲಿಗೂ ಪಕ್ಕಪಕ್ಕದ ಎರಡು ಮೈಯಲ್ಲಿ ಚೌಕ ತೂತು. ಪಟ್ಟಿಯ ತುದಿಯನ್ನು ತೂತಿನ ಅಳತೆಗೆ ಕೆತ್ತಿ ಒಳಗೆ ಸೇರಿಸುವುದು. ಎರಡು ಪಟ್ಟಿಗಳ ತುದಿ ಕಾಲಿನೊಳಗೆ ಒಂದಕ್ಕೊಂದು ಎದುರಾಗುತ್ತವೆ. ನೆಟ್ಟಗೆ ಕತ್ತರಿಸಿದರೆ ಮೊದಲು ಹೋದದ್ದು ಎರಡನೆಯದಕ್ಕೆ ಜಾಗ ಬಿಡುವುದಿಲ್ಲ. ಎರಡನ್ನೂ ಓರೆಯಾಗಿ ಕತ್ತರಿಸಿದರೆ ಕೈಮುಗಿದ ಹಾಗೆ ಕೂಡುತ್ತವೆ. "ಮೊಳೆ ಹೊಡೆಯಬೇಡ ತಂಗಿ," ಎಂದ ಕಾಕಾ, "ನವಾರು ಬಿಗಿದ ಮೇಲೆ ಪಟ್ಟಿಗಳು ತಾವೇ ಕಾಲನ್ನು ಕಚ್ಚಿ ಹಿಡಿಯುತ್ತವೆ." ಹೆಣಿಗೆ ಒಳಕ್ಕೆ ಎಳೆದಷ್ಟೂ ಪಟ್ಟಿಯ ತುದಿ ತೂತಿನ ಆಳಕ್ಕೆ ಇಳಿಯುತ್ತದೆ ಎಂಬುದು ಮಾಡುತ್ತ ಹೋದಂತೆ ಕೈಗೆ ತಿಳಿಯಿತು. ಪಟ್ಟಿಯ ಎರಡು ಇಂಚಿನ ಮೈ ಮಲಗಿರಬೇಕು, ನಿಂತಿರಬಾರದು. ಎಳೆತ ಬರುವುದು ಪಕ್ಕದಿಂದ. ಆ ದಿಕ್ಕಿನಲ್ಲಿ ದಪ್ಪ ಇದ್ದರೇ ಪಟ್ಟಿ ಬಾಗುವುದಿಲ್ಲ.

ಜಾಲಿ ಮರ ಉಳಿಗೆ ಸುಲಭವಾಗಿ ಬಗ್ಗುವಂಥದ್ದಲ್ಲ. ಎಂಟು ತೂತಿಗೆ ಆರು ಬೆಳಗು ಹಿಡಿಯಿತು. ಮೊದಲು ಬೈರಿಗೆಯಿಂದ ಪಕ್ಕಪಕ್ಕ ಮೂರು ತೂತು ಕೊರೆದು, ನಡುವೆ ಉಳಿದದ್ದನ್ನು ಉಳಿಯಿಂದ ಬಿಡಿಸಿದೆ. ಪ್ರತಿ ತೂತಿಗೊಮ್ಮೆ ಸಾಣೆಕಲ್ಲಿನ ಮೇಲೆ ಉಳಿ ಮಸೆದೆ. ಕೊಡತಿಯ ಪೆಟ್ಟು ಬಿದ್ದಾಗಲೆಲ್ಲ ಕರಿಯ ಒಂದು ಕಿವಿ ಎತ್ತಿ ಇಳಿಸುತ್ತಿದ್ದ. ಚಂದ್ರಿ ಮಾತ್ರ ಸದ್ದಿಗೆ ಹೆದರಿ ಅವ್ವನ ಕೋಣೆ ಸೇರಿದಳು. ಮೂರನೆಯ ದಿನದಿಂದ ನಾನು ಕೊಡತಿ ಎತ್ತುವ ಮೊದಲು ಅವಳ ಹೆಸರು ಹಿಡಿದು ಒಮ್ಮೆ ಕರೆದು, ಬೆಲ್ಲದ ಚೂರಿನಷ್ಟು ರೊಟ್ಟಿ ಕೊಟ್ಟು ಪೆಟ್ಟು ಹಾಕತೊಡಗಿದೆ. ಆರನೆಯ ದಿನ ಅವಳು ಮರದ ಪುಡಿಯ ಮೇಲೇ ಮಲಗಿದ್ದಳು.

ಎಲ್ಲ ಅಂಚುಗಳನ್ನೂ ಅರದಿಂದ ಉಜ್ಜಿ ದುಂಡಗೆ ಮಾಡಿದೆ, ಕಾಲಿನ ತಲೆಯನ್ನು ವಿಶೇಷವಾಗಿ. ಬಾಲ ಬಡಿದರೆ ಚೂಪು ಸಿಗಬಾರದು.

ಜೂನ್ 24

ಮರಕ್ಕೆ ಅಗಸೆ ಎಣ್ಣೆ. ವಾರ್ನಿಶ್ ಬೇಡವೆಂದಿದ್ದು, ನೆಕ್ಕುವ, ಕಡಿಯುವ ಬಾಯಿ ಹತ್ತಿರವೇ ಇರುತ್ತದೆ ಎಂದು. ಬಣ್ಣದ ಅಂಗಡಿಯಲ್ಲಿ ಸಿಗುವ ಕಾಯಿಸಿದ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಅದನ್ನು ಬಿಟ್ಟು ಹಸಿ ಎಣ್ಣೆಯನ್ನೇ ತಂದೆ. ಒಣಗಲು ಹತ್ತು ಹನ್ನೆರಡು ದಿನ ಬೇಕು, ಈ ಮಳೆಯಲ್ಲಿ ಇನ್ನೂ ಹೆಚ್ಚು. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ಆ ಕಾವು ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಹರವಿ ಒಣಗಿಸಿದ ಮೇಲೆಯೇ ಕಸಕ್ಕೆ ಹಾಕಬೇಕು. ನಾಯಿ ಇರುವ ಮನೆಯಲ್ಲಿ, ಕಾಗದ ತುಂಬಿದ ಕೋಣೆಯಲ್ಲಿ, ಇದನ್ನು ಮರೆಯುವಂತಿಲ್ಲ.

ಜುಲೈ 7

ನವಾರು ಬಂತು. ಎರಡು ಇಂಚು ಅಗಲದ ಹತ್ತಿಯದು, 70 ಮೀಟರ್. ನೈಲಾನಿನದು ಅಗ್ಗ, ಗಟ್ಟಿ. ಆದರೆ ಜಾರುತ್ತದೆ, ಮತ್ತು ಎಳೆ ಬಿಟ್ಟರೆ ಹೊಟ್ಟೆಗೆ ಹೋಗುತ್ತದೆ. ಉದ್ದಕ್ಕೆ ಹನ್ನೆರಡು ಸುತ್ತು, ಅಡ್ಡಕ್ಕೆ ಇಪ್ಪತ್ತು. ಲೆಕ್ಕಕ್ಕೆ 61 ಮೀಟರ್ ಆಗುತ್ತದೆ, ಅಷ್ಟೇ ಹಿಡಿಯಿತು. ಮೊದಲು ಉದ್ದದ ಸುತ್ತುಗಳು. ಆಮೇಲೆ ಅಡ್ಡದ್ದನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸಿ, ಹಿಂದಿನಿಂದ ಮರಳಿ ತರುವುದು. ಅವ್ವ ಎದುರಿಗೆ ಕುಳಿತು ತುದಿ ಹಿಡಿದಳು. ಅವಳ ಕೈಗೆ ಈ ಕೆಲಸ ನೆನಪಿತ್ತು; ನಾನು ತಪ್ಪಿದಲ್ಲೆಲ್ಲ ಮಾತಾಡದೆ ಬಿಚ್ಚಿ ಕೊಡುತ್ತಿದ್ದಳು.

ಸಂಜೆ ಮೇಜಿನ ಕೆಳಗೆ ಕೂಡಿಸಿದೆ. ಚಂದ್ರಿ ಮೂಸಿದಳು, ಒಂದು ಕಾಲು ಇಟ್ಟಳು, ತೆಗೆದಳು. ನಾನು ಕರೆಯಲಿಲ್ಲ, ಎತ್ತಿ ಇಡಲಿಲ್ಲ. ನನ್ನ ಹಳೆಯ ಶಾಲನ್ನು ಅದರ ಮೇಲೆ ಹಾಸಿ ಬರೆಯಲು ಕುಳಿತೆ. ಮರುದಿನ ಬೆಳಗ್ಗೆ ಎಂಟೂಕಾಲು ಗಂಟೆಗೆ ಎಡಗಡೆ ಮರ ಕಿರುಗುಟ್ಟಿತು. ನೋಡಲಿಲ್ಲ, ಎಡಗೈ ಮಾತ್ರ ಇಳಿಬಿಟ್ಟೆ. ಬೆಚ್ಚನೆಯ ಬೆನ್ನು.

ಜುಲೈ 10

ಮಲಗುವ ಮೊದಲು ಅವಳಿಗೆ ಹಾಸಿಗೆ ಕೆರೆಯುವ ರೂಢಿ. ಉಗುರು ಹೆಣಿಗೆಯ ಸಂದಿಗೆ ಸಿಕ್ಕಿತು. ಹೆದರಿ ಎಳೆದುಕೊಂಡಿದ್ದರೆ ಮುರಿಯುತ್ತಿತ್ತು. ಪಕ್ಕದಲ್ಲೇ ಇದ್ದೆ, ಬಿಡಿಸಿದೆ. ಅವ್ವ ಹಳೆಯ ಸೀರೆಗಳ ಕೌದಿಯೊಂದನ್ನು ಅಳತೆಗೆ ಮಡಚಿ ಹೊಲಿದು, ನಾಲ್ಕು ಮೂಲೆಗೂ ಕಾಲಿಗೆ ಕಟ್ಟಲು ಲಾಡಿ ಇಟ್ಟಳು. ಕೌದಿಯ ಹೊಲಿಗೆ ಒತ್ತಾಗಿರುತ್ತದೆ, ಕೆರೆದರೆ ಅರಳುವುದಿಲ್ಲ. ಬಿಚ್ಚಿ ಒಗೆಯಲೂ ಸುಲಭ. ಎರಡನೆಯದನ್ನೂ ಹೊಲಿಯುತ್ತಿದ್ದಾಳೆ, ಮಳೆಗಾಲದಲ್ಲಿ ಒಂದು ಒಣಗುವಷ್ಟರಲ್ಲಿ ಇನ್ನೊಂದು ಬೇಕೆಂದು.

ಜುಲೈ 17

ಹೊರಸು ಜೋತುಬಿದ್ದಿದೆ. ನಡುವೆ ಕೋಲಿಟ್ಟು ಅಳೆದರೆ ಮೂರು ಇಂಚು ತಗ್ಗು. ಚಂದ್ರಿ ಅದರಲ್ಲಿ ಜೋಳಿಗೆಯೊಳಗಿನ ಮಗುವಿನಂತೆ ಬಾಗಿ ಮಲಗುತ್ತಾಳೆ, ಏಳುವಾಗ ತಡವರಿಸುತ್ತಾಳೆ. ನಿನ್ನೆಯಿಂದ ಮತ್ತೆ ಕಲ್ಲಿಗೆ ಇಳಿದಿದ್ದಾಳೆ.

ಕಾಕಾನನ್ನು ಕರೆತಂದೆ. ಅವನು ಬಗ್ಗಿ ಒಮ್ಮೆ ಕೆಳಗೆ ನೋಡಿದ. "ಕಾಲುದೆಸೆಗೆ ಹಗ್ಗವನ್ನೇ ಬಿಟ್ಟಿಲ್ಲವಲ್ಲ ತಂಗಿ. ಇದನ್ನು ಇನ್ನು ಎಳೆಯುವುದು ಹೇಗೆ?"

ಅಜ್ಜಿಯ ಹೊರಸು ಆಗ ನೆನಪಾಯಿತು. ಹೆಣಿಗೆ ಕಾಲುದೆಸೆಯ ತನಕ ಇರುತ್ತಿರಲಿಲ್ಲ. ಕೊನೆಯಲ್ಲಿ ಒಂದು ಗೇಣು ಬಿಟ್ಟು, ಅಲ್ಲಿ ಹೆಣಿಗೆಯ ಅಂಚನ್ನೂ ಚೌಕಟ್ಟಿನ ಪಟ್ಟಿಯನ್ನೂ ಹಗ್ಗ ಬೆಸೆದಿರುತ್ತಿತ್ತು. ಜೋತುಬಿದ್ದಾಗ ಅಜ್ಜ ಆ ಹಗ್ಗವನ್ನು ಒಂದೊಂದೇ ಸುತ್ತು ಎಳೆದು ಬಿಗಿಯುತ್ತಿದ್ದ, ನಾವು ಮಕ್ಕಳು ಹಗ್ಗದ ಆ ಸಂದಿಯಲ್ಲಿ ಕಾಲು ತೂರಿಸಿ ಆಡುತ್ತಿದ್ದೆವು. ಎಷ್ಟು ಸಲ ಅದರ ಮೇಲೆ ಮಲಗಿದ್ದೇನೆ! ಆ ಹಗ್ಗ ಏಕಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಜುಲೈ 20

ಪೂರ್ತಿ ಬಿಚ್ಚಿ ಮತ್ತೆ ಹೆಣೆದೆವು. ಕಾಲುದೆಸೆಯಿಂದ ಎಂಟು ಇಂಚು ಒಳಗೆ, ಹೆಬ್ಬೆರಳಿಗಿಂತ ತುಸು ದಪ್ಪದ ಗಟ್ಟಿ ಬಿದಿರಿನ ಕೋಲು. ಉದ್ದದ ಸುತ್ತುಗಳು ತಲೆದೆಸೆಯ ಪಟ್ಟಿಯಿಂದ ಹೊರಟು ಈ ಕೋಲನ್ನು ಬಳಸಿ ಮರಳುತ್ತವೆ. ಕೋಲು ಚೌಕಟ್ಟಿಗೆ ಸೇರಿಲ್ಲ, ತೇಲುತ್ತದೆ. ಅದನ್ನು ಕಾಲುದೆಸೆಯ ಪಟ್ಟಿಗೆ ಹತ್ತಿಯ ಹಗ್ಗದಿಂದ ಹಿಂದಕ್ಕೂ ಮುಂದಕ್ಕೂ ಒಂಬತ್ತು ಸಲ ಬಿಗಿದು, ಕೊನೆಯಲ್ಲಿ ಬಿಚ್ಚಲು ಬರುವ ಗಂಟು. ಅಡ್ಡದ ಸುತ್ತು ಈಗ ಹದಿನಾರೇ. ನವಾರು 50 ಮೀಟರಿಗೆ ಮುಗಿಯಿತು.

ಬಿಗಿ ಎಷ್ಟಿರಬೇಕು? ಅಂಗೈ ಒತ್ತಿದರೆ ಒಂದು ಇಂಚು ಇಳಿಯಬೇಕು, ಬೆರಳಿನಿಂದ ತಟ್ಟಿದರೆ ದಪ್ಪನೆಯ ಸದ್ದು ಬರಬೇಕು. ಹಗ್ಗದ ಗಂಟು ಗೋಡೆಯ ಕಡೆಗೆ ಹೋದರೆ ಪ್ರತಿ ಸಲ ಹೊರಸನ್ನೇ ಹೊರಗೆಳೆಯಬೇಕಾಗುತ್ತದೆ. ಅದಕ್ಕೆ ಕಾಲುದೆಸೆಯನ್ನು ಕೋಣೆಯ ಕಡೆಗಿಟ್ಟೆ. ಹತ್ತುವಾಗ ಅವಳ ಕಾಲು ಸಂದಿಗೆ ಸಿಗದಂತೆ ಕೌದಿ ಅದನ್ನೂ ಮುಚ್ಚುತ್ತದೆ, ಕೆಳಗೊಂದು ತೆಳು ಹಲಗೆಯೂ ಇದೆ.

ಆಗಸ್ಟ್ 3

ಕರಿಯನ ಸರದಿ. ಇಷ್ಟು ದಿನ ಅವನನ್ನು ಕಾಯಿಸಿದ್ದಕ್ಕೆ ಮನಸ್ಸಿಗೆ ನೋವಿದೆ, ಏಕೆಂದರೆ ಬೇಡುವ ಸ್ವಭಾವ ಅವನದಲ್ಲ. ಹನ್ನೊಂದು ವರ್ಷ ದಾಟಿದೆ, ಸೊಂಟದ ಕೀಲು ಬಿಗಿದಿದೆ. ನುಣ್ಣನೆಯ ಶಹಾಬಾದಿನ ಕಲ್ಲಿನ ಮೇಲೆ ಹಿಂಗಾಲು ಎರಡೂ ಅಗಲಕ್ಕೆ ಜಾರಿ, ಎದ್ದೇಳಲು ಎರಡು ಮೂರು ಸಲ ಹೆಣಗುತ್ತಾನೆ. ಅವನಿಗೆ ಹೊರಸು ಎತ್ತರ. ನನ್ನ ಬಲಪಾದದ ಪಕ್ಕ, ಗೋಡೆಗೆ ಹೊಂದಿಸಿ ನಾಲ್ಕು ಇಂಚಿನ ಹತ್ತಿ ಗಾದಿ ಹಾಕಿದೆ. ಕಾಲಿಗೆ ಹಿಡಿತ ಸಿಗಲೆಂದು ಅಲ್ಲಿಂದ ಬಾಗಿಲ ತನಕ ನವಲಗುಂದದ ಜಮಖಾನೆ. ಬರಿಯ ಜಮಖಾನೆ ಕಲ್ಲಿನ ಮೇಲೆ ಸರಿಯುತ್ತದೆ. ಅಡಿಗೆ ರಬ್ಬರಿನ ಜಾಲರಿ ಹಾಸಿದ ಮೇಲೆ ನಿಂತಿತು.

ಮಿಕ್ಕಿದ ನವಾರಿನಲ್ಲಿ ಎರಡು ಮೀಟರ್ ಕತ್ತರಿಸಿ, ನಾಲ್ಕು ಪದರ ಮಾಡಿ ನಡುವೆ ಉಣ್ಣೆಬಟ್ಟೆ ಇಟ್ಟು ಹೊಲಿದು ಒಂದು ತೂಗುಪಟ್ಟಿ ಮಾಡಿದೆ. ಅವನ ಹಿಂಗಾಲುಗಳ ಮುಂದೆ ಹೊಟ್ಟೆಯಡಿಗೆ ಹಾಕಿ ಮೇಲಿನಿಂದ ಹಿಡಿದರೆ ಸೊಂಟದ ಅರ್ಧ ಭಾರ ನನ್ನ ಕೈಗೆ ಬರುತ್ತದೆ. ಮುಂಬಾಗಿಲಿನ ಮೂರು ಮೆಟ್ಟಿಲನ್ನು ಎಷ್ಟೋ ವಾರಗಳ ಮೇಲೆ ನಿಲ್ಲದೆ ಇಳಿದ. ಸಾಧನಕೇರಿಯ ತನಕ ಹೋಗಲಿಲ್ಲ, ಓಣಿಯ ತಿರುವಿನ ಬೇವಿನ ಮರದ ತನಕ ಹೋಗಿ, ತನ್ನ ಹಳೆಯ ಜಾಗಗಳನ್ನೆಲ್ಲ ನಿಧಾನವಾಗಿ ಮೂಸಿ ಬಂದ.

ಆಗಸ್ಟ್ 11

ಚಂದ್ರಿ ಗಡಬಡಿಸಿ ಎದ್ದಾಗ ತಲೆ ಮೇಜಿನ ಒಳಪಟ್ಟಿಗೆ ಬಡಿಯುತ್ತದೆ. ಈ ವಾರದಲ್ಲಿ ಎರಡನೆಯ ಸಲ. ಹೊರಸಿನ ಎತ್ತರ 9 ಇಂಚು ಇಟ್ಟದ್ದು ಕೆಳಗೆ ಕಸಬರಿಗೆ ಆಡಲೆಂದು. ಮೇಜಿನ ಪಟ್ಟಿಯ ತನಕ ಉಳಿದದ್ದು 17 ಇಂಚು. ನನ್ನ ಗುಡಿಸುವ ಅನುಕೂಲಕ್ಕೆ ಅವಳ ತಲೆಯ ಜಾಗ ಕಡಿತವಾಗಿದೆ.

ಕಾಲು ಎರಡೂವರೆ ಇಂಚು ಕತ್ತರಿಸಿದೆ. ನಾಲ್ಕೂ ಸಮ ಬರುವಂತೆ ಗುರುತು ಹಾಕಲು ಟೇಪು ಬೇಡ. ಎರಡೂವರೆ ಇಂಚು ದಪ್ಪದ ಮರದ ತುಂಡಿನ ಮೇಲೆ ಪೆನ್ಸಿಲನ್ನು ಮಲಗಿಸಿ ಹಿಡಿದು, ಹೊರಸನ್ನು ಸಮನೆಲದ ಮೇಲಿಟ್ಟು, ಆ ತುಂಡನ್ನು ಪ್ರತಿ ಕಾಲಿನ ಸುತ್ತ ಸರಿಸಬೇಕು. ಗೆರೆ ನೆಲಕ್ಕೆ ಸಮಾಂತರವಾಗಿಯೇ ಬೀಳುತ್ತದೆ. ಗೆರೆಯ ಮೇಲೆ ಕೊಯ್ದರೆ ಕುಂಟುವುದಿಲ್ಲ. ಕುಂಟಲಿಲ್ಲ. ಈಗ ಆರೂವರೆ ಇಂಚು ಎತ್ತರ, ತಲೆಯ ಮೇಲೆ ಹತ್ತೊಂಬತ್ತೂವರೆ. ಒಳಪಟ್ಟಿಯ ಅಂಚಿಗೆ ಕೌದಿಯ ಒಂದು ಪಟ್ಟಿಯನ್ನೂ ಹೊಡೆದೆ. ಗುಡಿಸುವಾಗ ಹೊರಸನ್ನು ಹೊರಗೆಳೆಯುತ್ತೇನೆ, ಅಷ್ಟೇ ತಾನೆ.

ಆಗಸ್ಟ್ 24

ಬಾಲದ ಗಾಯದ ಜಾಗದಲ್ಲಿ ಬಿಳಿ ಕೂದಲು ಬರುತ್ತಿದೆ. ಮೊಣಕೈಯ ಜಡ್ಡು ಮೆತ್ತಗಾಗಿದೆ, ಎಡಗಡೆಯದರಲ್ಲಿ ಸಣ್ಣ ಕೂದಲೂ ಕಾಣುತ್ತಿದೆ.

ಮೊದಲೆಲ್ಲ ನಾನು ಕುರ್ಚಿ ಸರಿಸಿದಾಗಲೆಲ್ಲ ಚಂದ್ರಿ ಏಳುತ್ತಿದ್ದಳು, ಅವಳು ಎದ್ದರೆ ಕರಿಯ ಏಳುತ್ತಿದ್ದ, ಅವನ ಹೆಣಗಾಟ ನೋಡಿ ನಾನು ಏಳುತ್ತಿದ್ದೆ. ಹಿಡಿದಿದ್ದ ವಾಕ್ಯದ ಎಳೆ ಅಲ್ಲೇ ತಪ್ಪುತ್ತಿತ್ತು. ಇಂದು ಆರೂವರೆಗೆ ಕುಳಿತೆ. ಬರೆದದ್ದನ್ನು ಗಟ್ಟಿಯಾಗಿ ಓದುವುದು ನನ್ನ ರೂಢಿ. ಓದು ನಿಂತಾಗ ಕರಿಯ ಕಣ್ಣು ತೆರೆದು ನೋಡಿದ, ಮತ್ತೆ ಶುರುವಾದಾಗ ಮುಚ್ಚಿದ. ಎಡಗಡೆ ಬಿದಿರಿನ ಕೋಲು ಎರಡು ಸಲ ಕಿರುಗುಟ್ಟಿತು, ಮಗ್ಗುಲು ಬದಲಾದ ಸದ್ದು. ತಲೆಯೆತ್ತಿದಾಗ ಗಂಟೆ ಒಂಬತ್ತು ದಾಟಿ ಹತ್ತು ನಿಮಿಷ. ಮೇ ತಿಂಗಳಿಂದ ನಿಂತಿದ್ದ ಅಧ್ಯಾಯ ಮುಗಿದಿತ್ತು.

ಹಗ್ಗ ಮತ್ತೆ ಸ್ವಲ್ಪ ಸಡಿಲಾಗಿದೆ, ಒಂದು ಸುತ್ತು ಎಳೆದರೆ ಸಾಕು. ಅದು ಸಂಜೆಗೆ. ಈಗ ತೂಗುಪಟ್ಟಿ ತೆಗೆದುಕೊಂಡೆ. ಕರಿಯ ಆಗಲೇ ಜಮಖಾನೆಯ ಮೇಲೆ ಬಂದು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ.